ಸದ್ದಿನ ಮುಂದೆ ನೋಡು

ಮಾರುತ ಯುದ್ಧವಿಮಾನ ಹಾರುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿದ್ದೆ.

2003ರ ಫೆಬ್ರವರಿ. ಯಲಹಂಕದಲ್ಲಿ ಏರೋ ಇಂಡಿಯಾ. ನನಗಾಗ ಹನ್ನೆರಡು. ಒಳಗೆ ಹೋಗಲು ಪಾಸು ಸಿಕ್ಕಿರಲಿಲ್ಲ. ನಾಗರಬಾವಿಯಿಂದ ಅಪ್ಪನ ಸ್ಕೂಟರಿನಲ್ಲಿ ಹೊರಟು ಸುಮನಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ, ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿ ಹತ್ತಿರ ನಿಂತೆವು. ರಸ್ತೆಯಂಚಿನಲ್ಲಿ ನಮ್ಮಂಥವರದೇ ಜಾತ್ರೆ. ಕೆಲವರು ಲಾರಿಯ ಮೇಲೆ ಹತ್ತಿದ್ದರು, ಕೆಲವರು ಮರದ ಮೇಲೆ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಬಿಸಿಲಿಗೆ ಕಾದು ಮುಟ್ಟಲಾಗದಂತಾಗಿತ್ತು. ಆಗ ಬಂತು ಅದು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಬಾಲದಲ್ಲಿ ಅಕ್ಕಪಕ್ಕ ಎರಡು ಎಂಜಿನ್ನಿನ ಬಾಯಿ. ಒಂಟಿಯಾಗಿ, ಬಹಳ ಕೆಳಗೆ. ಅಪ್ಪ ನನ್ನ ಭುಜ ಹಿಡಿದು ಮಾರುತದ ಹೆಸರು ಹೇಳಿದ್ದು ಕಿವಿಯಲ್ಲಿ ಇನ್ನೂ ಇದೆ.

2025ರ ಸೆಪ್ಟೆಂಬರ್ 26ರ ಸಂಜೆ ಈ ನಂಬಿಕೆ ಕುಸಿಯಿತು. ಅಂದು ಚಂಡೀಗಡದಲ್ಲಿ ಮಿಗ್-21ಕ್ಕೆ ವಾಯುಪಡೆಯ ಬೀಳ್ಕೊಡುಗೆ. 62 ವರ್ಷದ ಸೇವೆ ಮುಗಿದಿತ್ತು. ನಮ್ಮ ನಾಗರಬಾವಿ ಎರಡನೇ ಹಂತದ ಪಾರ್ಕಿನ ಕಲ್ಲುಬೆಂಚಿನ ಮೇಲೆ, ವಾಕಿಂಗ್ ಮುಗಿಸಿದವರೆಲ್ಲ ತಮ್ಮ ತಮ್ಮ ಹಳೆಯ ವಿಮಾನಗಳನ್ನು ಹೊರತೆಗೆಯತೊಡಗಿದರು. ಒಬ್ಬರು ಮಿಗ್ ನೆಟ್ಟಗೆ ಮೇಲೇರಿದಾಗ ಎದೆಗೂಡು ನಡುಗಿದ್ದನ್ನು ಹೇಳಿದರು. ಇನ್ನೊಬ್ಬರು ಬಾಲ್ಯದಲ್ಲಿ ಕಂಡ ನ್ಯಾಟ್ ಎಷ್ಟು ಪುಟ್ಟದಿತ್ತೆಂದು ಕೈ ಅಗಲಿಸಿ ತೋರಿಸಿದರು. ನನ್ನ ಸರದಿ ಬಂತು. ಮಾರುತದ ಕಥೆ ಹೇಳಿದೆ.

ವಾಯುಪಡೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ, "ಇಲ್ಲಮ್ಮ. 1990ರ ಹೊತ್ತಿಗೇ ಮಾರುತ ಸೇವೆಯಿಂದ ಹೋಗಿತ್ತು. ಏರೋ ಇಂಡಿಯಾ ಶುರುವಾಗಿದ್ದೇ 1996ರಲ್ಲಿ. ನೀವು ನೋಡಿರೋಕೆ ಸಾಧ್ಯ ಇಲ್ಲ" ಅಂದರು.

ವಾದ ಮಾಡುವ ಹಾಗಿರಲಿಲ್ಲ. ಇಸವಿಗಳು ಇಸವಿಗಳೇ. ಆದರೆ ಮನೆಗೆ ನಡೆಯುವಾಗ ಕಾಲಡಿಯ ನೆಲ ಅಷ್ಟು ಗಟ್ಟಿ ಅನಿಸಲಿಲ್ಲ. ಇಷ್ಟು ಸ್ಪಷ್ಟವಾದದ್ದು ನಡೆದೇ ಇಲ್ಲವಾದರೆ, ನಾನು ಕಂಡೆ ಎಂದುಕೊಂಡಿರುವ ಉಳಿದದ್ದರ ಗತಿಯೇನು? ಆ ರಾತ್ರಿ ಕೂತು ನೆನಪಿನ ಎಳೆ ಬಿಡಿಸಿದೆ. ಆ ಚೂಪು ಮೂತಿ, ಆ ಎರಡು ಬಾಯಿ ನಮ್ಮ ನಡುಮನೆಯ ಗೋಡೆಯ ಮೇಲೆ ಇದ್ದವು. ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಅಪ್ಪ ಫ್ರೇಮು ಹಾಕಿಸಿದ್ದ ಚಿತ್ರ. ಊಟಕ್ಕೆ ಕೂತಾಗಲೆಲ್ಲ ಎದುರಿಗಿದ್ದದ್ದು. ರಸ್ತೆಯಂಚಿನ ಆ ದಿನಕ್ಕೆ ನಾನೇ ಅದನ್ನು ಹಾರಿಸಿದ್ದೆ.

ಹಾಗಾದರೆ ನಿಜವಾಗಿ ಕಂಡದ್ದೇನು? ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಕಿರಣ್ ವಿಮಾನಗಳು. ಕೆಂಪು ಬಿಳಿ ಬಣ್ಣದ ಒಂಬತ್ತು. ವಿಮಾನ ವಿನ್ಯಾಸಕ ಘಾಟಗೆಯವರ ಮುಂದಾಳುತನದಲ್ಲಿ ಇದೇ ಬೆಂಗಳೂರಿನಲ್ಲಿ ರೂಪುಗೊಂಡು 1964ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಅದು. ದುಂಡು ಮೂತಿ, ಅಕ್ಕಪಕ್ಕ ಇಬ್ಬರು ಕೂರುವ ಸೀಟು. ಮಾರುತಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಮಗು ಕೂಡ ತಪ್ಪು ಮಾಡಲಾರದು. ಹಾಗಿದ್ದೂ ನಾನು ಮಾಡಿದ್ದೆ.

ಇದಕ್ಕೆ ಒಂದು ಕಾರಣ ಜೆಟ್ ವಿಮಾನದ ಸ್ವಭಾವದಲ್ಲೇ ಇದೆ. ಗಂಟೆಗೆ 900 ಕಿಲೋಮೀಟರ್ ಎಂದರೆ ಸೆಕೆಂಡಿಗೆ 250 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರ್ ಆಚೆಯ ವಿಮಾನದ ಸದ್ದು ನಮ್ಮ ಕಿವಿ ಮುಟ್ಟಲು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ಕತ್ತೆತ್ತಿದರೆ ಬರೀ ಆಕಾಶ. ಅಂದು ನಾನು ಮತ್ತೆ ಮತ್ತೆ ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಅಪ್ಪ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ, "ಸದ್ದು ಬಂದ ಕಡೆ ಅಲ್ಲ ಪುಟ್ಟಿ, ಸದ್ದಿನ ಮುಂದೆ ನೋಡು" ಎಂದಿದ್ದರು. ಏರ್ ಶೋಗೆ ಹೋದವರೆಲ್ಲ ಇದನ್ನು ಬಲ್ಲರು. ಇಡೀ ದಿನ ಬಿಸಿಲಲ್ಲಿ ನಿಂತರೂ ನಿಚ್ಚಳವಾಗಿ ಕಂಡದ್ದು ಒಟ್ಟು ಸೇರಿಸಿದರೆ ಕೆಲವೇ ನಿಮಿಷ. ಉಳಿದದ್ದನ್ನು ಕಿವಿ, ಪಕ್ಕದವರ ಮಾತು, ಆಮೇಲೆ ನೋಡಿದ ಚಿತ್ರಗಳು ತುಂಬುತ್ತವೆ. ಖಾಲಿ ಆಕಾಶದಲ್ಲಿ ನಾನು ಇಟ್ಟುಕೊಂಡದ್ದು ಅಪ್ಪನ ವಿಮಾನ.

ಅಪ್ಪನ ವಿಮಾನ ಎಂದದ್ದಕ್ಕೆ ಅರ್ಥವಿದೆ. ಅವರು ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿದ್ದವರು. ಮುಂಜಾನೆಯ ಕತ್ತಲಲ್ಲೇ ಎದ್ದು ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದರು. ಆ ವಿಭಾಗ 1957ರಲ್ಲಿ ಹುಟ್ಟಿದ್ದೇ ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಎಂಜಿನ್ನನ್ನು ಇಲ್ಲಿ ತಯಾರಿಸಲು. ಆರ್ಫಿಯಸ್‌ನೊಳಗೆ ಗಾಳಿಯನ್ನು ಒತ್ತಿ ಒಳಕಳಿಸುವ ಏಳು ಸಾಲು ಬ್ಲೇಡುಗಳಿವೆ. ಅಪ್ಪನ ಕೆಲಸ ಆ ಬ್ಲೇಡುಗಳ ಅಳತೆ ನೋಡುವುದು. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಇದ್ದರೂ ಪಕ್ಕಕ್ಕಿಡುವುದು. ತಮ್ಮ ಕೈ ದಾಟಿದ ಬ್ಲೇಡು ಯಾವ ಎಂಜಿನ್ನಿಗೆ ಹೋಯಿತು, ಯಾವ ವಿಮಾನದಲ್ಲಿ ಕೂತಿತು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ಮಾರುತಕ್ಕೆ ಆ ಎಂಜಿನ್ ಎರಡು. ಅದರ ಕಥೆ ಬೆಂಗಳೂರಿನ ಕಥೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು ರೂಪಿಸಿದ ವಿಮಾನ, 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ ಈ ನಗರದ ಮೇಲೆ ಮೊದಲು ಹಾರಿತು. ಒಟ್ಟು 147 ಕಟ್ಟಿದರು. ಸದ್ದಿನ ವೇಗವನ್ನು ಸಲೀಸಾಗಿ ಮೀರಬೇಕೆಂದು ತಿದ್ದಿದ ಮೈ ಅದರದು. ಆ ಮೈಗೆ ತಕ್ಕ ಶಕ್ತಿಯ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಆರ್ಫಿಯಸ್‌ನಲ್ಲೇ ದಿನ ಕಳೆಯಿತು. ಹೀಗಾಗಿ ಅದನ್ನು ಸೋತ ವಿಮಾನ ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ತನ್ನ ಪಾಲಿನ ಕೆಲಸ ಮಾಡಿತು. ಸ್ವಾತಂತ್ರ್ಯ ಬಂದು ಹದಿನಾಲ್ಕೇ ವರ್ಷಕ್ಕೆ ಒಂದು ದೇಶ ತಾನೇ ಕಟ್ಟಿದ ಜೆಟ್ ಯುದ್ಧವಿಮಾನವನ್ನು ಹಾರಿಸಿತೆಂಬುದು ಸೋಲಿನ ಲೆಕ್ಕಕ್ಕೆ ಸೇರುವ ಮಾತಲ್ಲ.

ಆದರೆ ಈ ಪ್ರೀತಿ ಹಗುರವಾದದ್ದೂ ಅಲ್ಲ. ಇವು ಕೊಲ್ಲಲು ಕಟ್ಟಿದ ಯಂತ್ರಗಳು, ಹಾರಿಸುವವರನ್ನೂ ತೆಗೆದುಕೊಂಡು ಹೋಗುತ್ತವೆ. ಸುರಂಜನ್ ದಾಸ್ 1970ರ ಜನವರಿ 10ರಂದು ಮಾರುತದ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗಲೇ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ಸಾಗುವ ಎಷ್ಟೋ ಜನರಿಗೆ ಅವರು ಯಾರೆಂದು ಗೊತ್ತಿಲ್ಲ. 2019ರ ಫೆಬ್ರವರಿ 19ರಂದು ಯಲಹಂಕದ ತಾಲೀಮಿನಲ್ಲಿ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಹೋದರು. ಆ ಸುದ್ದಿ ಕೇಳಿದಾಗ ನನ್ನ ಅಂಗೈ ನೋಡಿಕೊಂಡಿದ್ದೆ. ರೆಕ್ಕೆಯ ತುದಿಗೆ ರೆಕ್ಕೆ ತಾಗುವಂತೆ ಹಾರಿದಾಗಲೆಲ್ಲ ಇದೇ ಕೈ ಚಪ್ಪಾಳೆ ತಟ್ಟಿತ್ತು. ನೋಡುವವಳಿಗೆ ಅಂತರ ಕಡಿಮೆಯಾದಷ್ಟೂ ಸೊಗಸು. ಅಂತರ ಏಕೆ ಬೇಕೆಂದು ಬಲ್ಲವರು ಅದೇ ಆಟವನ್ನು ಬೇರೆ ರೀತಿ ನೋಡುತ್ತಾರೆ, ಅಥವಾ ನೋಡುವುದೇ ಇಲ್ಲ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಪ್ಪನಿಗೆ ಪಾರ್ಕಿನ ವಿಷಯ ಹೇಳಿದೆ. ಎಪ್ಪತ್ತೇಳರ ಅಪ್ಪ ಲೋಟ ಕೆಳಗಿಟ್ಟರು.

"ಅವರು ಹೇಳಿದ್ದು ಸರಿ. ಮಾರುತ ಎಲ್ಲಿತ್ತು ಅವತ್ತು? ಕಿರಣ್ ಬಂದಿದ್ದು."

"ಮತ್ತೆ ಮಾರುತ ಅಂತ ಹೇಳಿದ್ರಲ್ಲ ಅಪ್ಪ?"

"ಮಾರುತ ಅಂದೆ, ಹೌದು. ಮಾರುತದ ಸದ್ದು ಅಂದಿದ್ದೆ. ಆ ಕಿರಣ್ ಮಾರ್ಕ್-2. ಅದಕ್ಕೂ ಆರ್ಫಿಯಸ್ಸೇ."

ನಾನು ಸುಮ್ಮನಾದೆ. ಮೊದಲ ಕಿರಣ್‌ಗೆ ಬೇರೆ ಎಂಜಿನ್ ಇತ್ತು, ಎರಡನೆಯದಕ್ಕೆ ಆರ್ಫಿಯಸ್ ಕೂರಿಸಿದರು. ಸೂರ್ಯಕಿರಣದವರು 1996ರಿಂದ 2011ರವರೆಗೆ ಹಾರಿಸಿದ್ದು ಅದನ್ನೇ. ಎಂದರೆ ಅಂದು ಬಳ್ಳಾರಿ ರಸ್ತೆಯ ಮೇಲೆ ಮಾರುತದ ಮೈ ಇರಲಿಲ್ಲ, ದನಿ ಇತ್ತು. ಕಣ್ಣು ಕಂಡದ್ದನ್ನು ಮರೆತು ಕಿವಿ ಕೇಳಿದ್ದಕ್ಕೆ ಗೋಡೆಯ ಚಿತ್ರದ ಮೈ ತೊಡಿಸಿದ್ದೆ ನಾನು. ಇದನ್ನು ಸುಳ್ಳು ನೆನಪು ಎಂದು ಕರೆಯಲೇ? ಇಸವಿಯ ಲೆಕ್ಕಕ್ಕೆ ಸುಳ್ಳು. ಆದರೆ ಅದರೊಳಗಿನ ಒಂದು ಭಾಗ ಬೆಂಚಿನ ಮೇಲಿದ್ದ ಎಲ್ಲರ ನೆನಪಿಗಿಂತ ಹೆಚ್ಚು ಕರಾರುವಾಕ್ಕಾಗಿತ್ತು.

2015ರಲ್ಲಿ ಹಾಕ್ ವಿಮಾನಗಳೊಂದಿಗೆ ತಂಡ ಮರಳಿ ಬಂದಾಗ ಅಪ್ಪ ಟಿವಿಯ ಮುಂದಿನಿಂದ ಎದ್ದು ಹೋಗಿದ್ದು ಈಗ ಅರ್ಥವಾಯಿತು. ಹಾಕ್‌ನ ಎಂಜಿನ್ ಬೇರೆ. ದನಿಯೂ ಬೇರೆ.

ಅಕ್ಟೋಬರ್‌ನಲ್ಲಿ ಒಂದು ದಿನ ಅವರನ್ನು ಎಚ್‌ಎಎಲ್ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಮರಗಳ ನಡುವೆ ಮಾರುತ ನಿಂತಿದೆ. ನನ್ನ ನೆನಪಿನದಕ್ಕಿಂತ ದೊಡ್ಡದು, ನೆಲಕ್ಕೆ ಹತ್ತಿರ. ಶಾಲೆಯ ಮಕ್ಕಳು ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಲ್ಲಿ ಮೈ ಇದೆ, ದನಿ ಇಲ್ಲ. ಅಪ್ಪ ಮೂತಿಯ ಕಡೆ ಹೋಗಲೇ ಇಲ್ಲ. ಹಿಂದೆ ನಡೆದು, ಆ ಎರಡು ಬಾಯಿಗಳ ಎದುರು ಕೈ ಕಟ್ಟಿಕೊಂಡು ನಿಂತರು.

ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. 2003ರಲ್ಲಿ ನನಗೆ ಸದ್ದಿನ ಮುಂದೆ ನೋಡಲು ಹೇಳಿದ ಮೇಲೆ ಅವರು ಕಣ್ಣು ಮುಚ್ಚಿ ನಿಂತಿದ್ದು ನನಗೆ ನೆನಪಿತ್ತು. ಅಷ್ಟು ದೂರ ಹೋಗಿ ಕಣ್ಣು ಮುಚ್ಚಿದ್ದೇಕೆ?

"ಒಂಬತ್ತು ಎಂಜಿನ್ ಒಟ್ಟಿಗೆ ಬರ್ತಿತ್ತಲ್ಲ. ಯಾವುದಾದರೂ ಒಂದರ ದನಿ ಒಡೀತಿದೆಯಾ ಅಂತ ಕೇಳ್ತಿದ್ದೆ," ಎಂದರು ಅಪ್ಪ. ಸ್ವಲ್ಪ ತಡೆದು, "ಒಂದೂ ಇರಲಿಲ್ಲ."