ಸರದಿಯ ನ್ಯಾಯ

ಸರ್ಕಾರಿ ನೌಕರನಿಗೆ ಸರದಿ ಎಂಬ ಮಾತು ಹೊಸದಲ್ಲ. ಬಡ್ತಿಗೆ ಜ್ಯೇಷ್ಠತಾ ಪಟ್ಟಿ, ವಸತಿಗೆ ಕಾಯುವವರ ಪಟ್ಟಿ, ಹೀಗೆ ಎಲ್ಲಕ್ಕೂ ಒಂದು ಪಟ್ಟಿ. ನಮ್ಮ ಹೆಸರು ಮೇಲೇರಿದರೆ ನ್ಯಾಯ, ಕೆಳಗಿಳಿದರೆ ಅನ್ಯಾಯ. ಇಷ್ಟೇ ನಮಗೆ ತಿಳಿದಿದ್ದ ನ್ಯಾಯಶಾಸ್ತ್ರ. ಒಂದು ಚೈತ್ರದ ಭಾನುವಾರ ಮನೆಮಂದಿಯೊಡನೆ ಪುಲಿಕಾಟ್ ಸರೋವರದ ದಡದಲ್ಲಿ ಕಳೆದ ಬೆಳಗು ಈ ತಿಳಿವಳಿಕೆಯನ್ನು ಕೊಂಚ ಅಲ್ಲಾಡಿಸಿತು.

ಚೆನ್ನೈಗೆ ಉತ್ತರದಲ್ಲಿ ಸುಮಾರು 55 ಕಿ.ಮೀ. ದೂರದ ಈ ಊರನ್ನು ಇಲ್ಲಿಯವರು ಪಳವೇರ್ಕಾಡು ಎನ್ನುತ್ತಾರೆ. ಚಿಲ್ಕಾ ಬಿಟ್ಟರೆ ನಮ್ಮ ದೇಶದಲ್ಲಿ ಇದೇ ದೊಡ್ಡ ಹಿನ್ನೀರ ಸರೋವರ. ಹೆಚ್ಚಿನ ಭಾಗ ಆಂಧ್ರಕ್ಕೆ ಸೇರಿದ್ದು. ಹಿಂಗಾರು ಮಳೆಯಲ್ಲಿ ಆರಣಿ, ಕಾಳಂಗಿ, ಸ್ವರ್ಣಮುಖಿ ನದಿಗಳು ಸಿಹಿನೀರು ತಂದು ಇದನ್ನು ತುಂಬುತ್ತವೆ. ಬೇಸಗೆ ಕಾಲಿಟ್ಟಿತೆಂದರೆ ನದಿಗಳು ಸೊರಗುತ್ತವೆ, ನೀರು ಆವಿಯಾಗಿ ಉಪ್ಪು ಏರುತ್ತದೆ, ಅಳಿವೆಯ ಬಾಯಿಗೆ ಮರಳು ಕಟ್ಟಿಕೊಳ್ಳುತ್ತದೆ. ಅಳಿವೆ ಮುಚ್ಚಿದರೆ ಸಮುದ್ರದಿಂದ ಸೀಗಡಿಯ ಮರಿಗಳು ಒಳಬರುವ ದಾರಿಯೂ ಮುಚ್ಚಿದಂತೆಯೇ. ನೀರು ತಗ್ಗಿತು, ಮೀನು ತಗ್ಗಿತು. ಬಲೆ ಹಿಡಿದವರ ಸಂಖ್ಯೆ ಮಾತ್ರ ತಗ್ಗುವುದಿಲ್ಲ.

ಇಂಥ ಕಡೆ ದಿನವೂ ಹೊಡೆದಾಟವಾಗಬೇಕಲ್ಲವೇ? ಅದನ್ನು ತಡೆಯಲೆಂದೇ ಅಲ್ಲಿನ ಮೀನುಗಾರರು ತಲೆಮಾರುಗಳಿಂದ ‘ಪಾಡು’ ಎಂಬ ಕಟ್ಟಳೆಯನ್ನು ಇಟ್ಟುಕೊಂಡಿದ್ದಾರೆ. ಸೀಗಡಿ ಸಿಗುವ ಒಳ್ಳೆಯ ಜಾಗಗಳನ್ನು ಗುರುತಿಸಿ, ಯಾರು ಯಾವಾಗ ಎಲ್ಲಿ ಗೂಟ ನೆಟ್ಟು ಬಲೆ ಕಟ್ಟಬೇಕೆಂದು ಚೀಟಿ ಎತ್ತಿ ಸರದಿ ಗೊತ್ತುಮಾಡುವ ಪದ್ಧತಿ ಅದು. ಒಬ್ಬನಿಗೆ ಇಂದು ಒಳ್ಳೆಯ ಜಾಗ, ನಾಳೆ ಬರಡು ಜಾಗ. ದಡದಲ್ಲಿ ಬಲೆ ನೇಯುತ್ತಿದ್ದ ಹಿರಿಯರೊಬ್ಬರನ್ನು, “ಬರಿಗೈಯಲ್ಲಿ ಬಂದ ದಿನ ಬೇಸರವಾಗುವುದಿಲ್ಲವೇ?” ಎಂದು ಕೇಳಿದೆವು. “ಬೇಸರ ಬೇರೆ, ತಕರಾರು ಬೇರೆ ಸಾರ್” ಎಂದರು ಆತ.

ಈ ಮಾತು ದಾರಿಯುದ್ದಕ್ಕೂ ನಮ್ಮನ್ನು ಹಿಂಬಾಲಿಸಿತು. ಅದೃಷ್ಟವನ್ನು ಯಾರೂ ಅಳಿಸಲಾರರು. ಆದರೆ ಅದು ಒಬ್ಬನ ಮನೆಯಲ್ಲೇ ಬೀಡುಬಿಡದಂತೆ ಮಾಡಬಹುದು. ಸರದಿ ಮಾಡುವ ಕೆಲಸ ಅದೇ. ಹಂಚುವ ವಸ್ತು ಹೇರಳವಾಗಿದ್ದಾಗ ಉದಾರಿಯಾಗುವುದು ಸುಲಭ. ನೀರು ಇಳಿದಾಗಲೂ ಪಕ್ಕದವನ ಸರದಿಯನ್ನು ಮುಟ್ಟದಿರುವುದೇ ನಿಜವಾದ ಸಂಯಮ.

ಆದರೆ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಪಾಡಿನ ಹಕ್ಕು ಪಟ್ಟಣವರ್ ಎಂಬ ಮೀನುಗಾರ ಸಮುದಾಯದ ಕೆಲವು ಊರುಗಳಿಗೆ ಹುಟ್ಟಿನಿಂದ ಬಂದದ್ದು. ಅದೇ ಸರೋವರವನ್ನು ನಂಬಿದ ಬೇರೆಯವರೂ ಇದ್ದಾರೆ. ಇರುಳರ ಹೆಂಗಸರು ಆಳವಿಲ್ಲದ ನೀರಿನಲ್ಲಿ ಕುಳಿತು, ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೆಸರಿನಲ್ಲಿ ಕೈಯಾಡಿಸಿ ಸೀಗಡಿ ಹಿಡಿಯುತ್ತಾರೆ. ಅವರ ಹೆಸರಿನಲ್ಲಿ ಚೀಟಿಯಿಲ್ಲ. ಎಲ್ಲರನ್ನೂ ಸೇರಿಸಿಕೊಂಡರೆ ಯಾರ ಹೊಟ್ಟೆಯೂ ತುಂಬದು ಎಂಬ ವಾದವಿದೆ. ಅದು ಪೊಳ್ಳು ವಾದವಲ್ಲ. ಸರೋವರಕ್ಕೂ ಒಂದು ಮಿತಿಯಿದೆ. ಹಾಗಾದರೆ ಪಟ್ಟಿಯೊಳಗೆ ಎಷ್ಟೇ ಧರ್ಮವಾಗಿ ನಡೆದುಕೊಂಡರೂ, ಪಟ್ಟಿಯ ಹೊರಗಿರುವವರ ಋಣ ತೀರಿತೇ?

ಪರರ ಊರಿನತ್ತ ಬೆರಳು ತೋರಿಸುವ ಅಧಿಕಾರ ನಮಗಿಲ್ಲ. ನಮ್ಮ ಕೋಲಾರದ ಕಡೆ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿಯನ್ನು ನೆನೆಯಿರಿ. ಆತ ಹೆಚ್ಚಾಗಿ ದಲಿತರ ಕೇರಿಯವನು. ಕೊನೆಯ ಗದ್ದೆಗೂ ನೀರು ಮುಟ್ಟಿಸುವ ಹೊಣೆ ಅವನದು; ಸುಗ್ಗಿಯಲ್ಲಿ ರೈತರು ಅಳೆದುಕೊಟ್ಟ ಧಾನ್ಯ ಅವನ ಕೂಲಿ. ಎಲ್ಲರ ಸರದಿಯನ್ನೂ ಕಾದವನಿಗೆ ಎಷ್ಟೋ ಕಡೆ ಸ್ವಂತ ಸರದಿಯೇ ಇರಲಿಲ್ಲ, ಏಕೆಂದರೆ ಗದ್ದೆಯೇ ಇರಲಿಲ್ಲ.

ಅಷ್ಟು ದೂರವಾದರೂ ಏಕೆ? 2019ರ ಬೇಸಗೆಯನ್ನು ಈ ನಗರದ ಯಾವ ಗೃಹಿಣಿಯೂ ಮರೆತಿರಲಾರಳು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿದವು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ನಮ್ಮ ವಸತಿಯಲ್ಲಿ ಲಾರಿ ನೀರಿಗೆ ಪಟ್ಟಿ ಬರೆದವರು ನಾವೇ. ಮನೆಗೆ ಇಷ್ಟು ಕೊಡ, ಮಹಡಿಯ ಕ್ರಮದಲ್ಲಿ ಸರದಿ. ಒಂದು ದಿನವೂ ಜಗಳವಾಗಲಿಲ್ಲ. ಹಲವರು ಮೆಚ್ಚಿದರು, ನಾವೂ ಉಬ್ಬಿದೆವು. ಒಂದು ಸಂಜೆ ಮನೆಗೆಲಸದಾಕೆ ನಮ್ಮ ಕೊಡಗಳನ್ನೆಲ್ಲ ಮೂರನೆಯ ಮಹಡಿಗೆ ಹೊತ್ತು ತಂದಿಟ್ಟಳು. ನಮ್ಮ ಮನೆಯಾಕೆ, “ನಿಮ್ಮ ಬೀದಿಗೆ ನೀರು ಬಂತೇನಮ್ಮ?” ಎಂದು ಕೇಳಿದಳು. “ಲಾರಿ ಬರುವ ಹೊತ್ತಿಗೆ ನಾನು ಇಲ್ಲಿರುತ್ತೇನಲ್ಲಮ್ಮ” ಎಂದು ಆಕೆ ನಕ್ಕಳು. ದೂರಿನ ದನಿಯೂ ಅಲ್ಲಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಆಕೆಯದಾಗಲಿ ಕಾವಲುಗಾರನದಾಗಲಿ ಹೆಸರಿರಲಿಲ್ಲ. ಬಿಟ್ಟೆವೆಂಬುದೂ ನಮ್ಮ ನೆನಪಿಗೆ ಬಂದಿರಲಿಲ್ಲ. ಮರುದಿನದಿಂದ ಇಬ್ಬರಿಗೂ ಎರಡೆರಡು ಕೊಡ ಸೇರಿಸಿದೆವು. ಪ್ರತಿ ಮನೆಗೂ ತುಸು ಕಡಿಮೆಯಾಯಿತು. ಒಂದಿಬ್ಬರು ಗೊಣಗಿದರು, ಆದರೆ ಯಾರ ಮನೆಯಲ್ಲೂ ಅಡಿಗೆ ನಿಲ್ಲಲಿಲ್ಲ.

ಸರದಿ ದೊಡ್ಡ ನ್ಯಾಯವೇ ಹೌದು, ಆದರೆ ಅದು ಅರ್ಧ ನ್ಯಾಯ. ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟನೆಯದು ಎಂದು ನೋಡುವುದು ಸಹಜ. ಅಲ್ಲಿ ಯಾರ ಹೆಸರಿಲ್ಲ ಎಂದು ನೋಡುವುದನ್ನು ಕಲಿಯಬೇಕು. ಎಲ್ಲರನ್ನೂ ಸೇರಿಸಲು ಆಗದಿರಬಹುದು. ಆಗ ಹೊರಗಿರುವವರ ಮುಖ ನೋಡಿ ಕಾರಣ ಹೇಳಲು, ಅವರ ಉತ್ತರ ಕೇಳಲು ನಮಗೆ ಧೈರ್ಯವಿರಬೇಕು. ಊರು ಬಿಟ್ಟು ಬಂದ ನಾವೂ ಒಂದು ಕಾಲಕ್ಕೆ ಈ ಊರಿನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅಂದು ಯಾರೋ ನಮಗಾಗಿ ಅಷ್ಟಿಷ್ಟು ಸರಿದು ಕುಳಿತರು. ಈಗ ಸರಿದು ಕುಳಿತುಕೊಳ್ಳುವ ಸರದಿ ನಮ್ಮದಲ್ಲವೇ?