ಪಾತ್ರಾಪಾತ್ರ ವಿವೇಚನೆ

ದಾನ ಮಾಡುವವನು ದೇಶ, ಕಾಲ, ಪಾತ್ರಗಳೆಂಬ ಮೂರನ್ನು ನೋಡಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಇದನ್ನು ಪಾಠಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಆದರೆ ಇವುಗಳಲ್ಲಿ ಕಡೆಯದಾದ ಪಾತ್ರವಿಚಾರವು ಎಷ್ಟು ದೂರ ಸಲ್ಲತಕ್ಕದ್ದೆಂಬ ಸಂದೇಹವು ಈಚೆಗೆ ನನ್ನನ್ನು ಬಾಧಿಸಿತು.

ನನ್ನ ಹಳೆಯ ಶಿಷ್ಯನೊಬ್ಬನು ಆಫ್ರಿಕಾ ಖಂಡದ ಉಗಾಂಡಾ ದೇಶಕ್ಕೆ ಹೋಗಿ, ಎಚ್.ಐ.ವಿ. ಸೋಂಕು ತಗುಲಿದವರಿಗೆ ಆಹಾರವನ್ನೂ ಆಸರೆಯನ್ನೂ ಒದಗಿಸುವ ಒಂದು ಸಣ್ಣ ಸಂಘದಲ್ಲಿ ಆರು ತಿಂಗಳು ವೇತನವಿಲ್ಲದೆ ದುಡಿದು ಬಂದನು. ಇದನ್ನು ಕೇಳಿ ನನ್ನ ವೃದ್ಧಮಿತ್ರರೊಬ್ಬರು, “ತಮ್ಮ ನಡತೆಯಿಂದಲೇ ವ್ಯಾಧಿಯನ್ನು ತಂದುಕೊಂಡವರಿಗೆ ಅನ್ನವಿಕ್ಕುವುದು ಸತ್ಪಾತ್ರದಾನವಾದೀತೆ?” ಎಂದರು. ಪ್ರಶ್ನೆಯು ಅವರೊಬ್ಬರದಲ್ಲ, ಬಾಯಿಬಿಟ್ಟು ಹೇಳದ ಅನೇಕರ ಮನಸ್ಸಿನಲ್ಲಿಯೂ ಅದು ಉಂಟು.

ಆ ದೇಶದ ಸಂಗತಿಯನ್ನೇ ನೋಡೋಣ. ಕಂಪಾಲಾ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಉದ್ಯೋಗದಲ್ಲಿದ್ದ ನೊಯೆರಿನ್ ಕಲೀಬಾ ಎಂಬಾಕೆಯ ಪತಿಯು ೧೯೮೭ರ ಜನವರಿಯಲ್ಲಿ ಏಡ್ಸ್ ರೋಗದಿಂದ ತೀರಿಕೊಂಡನು. ಅಪಘಾತವೊಂದರ ಬಳಿಕ ಅವನಿಗೆ ಕೊಟ್ಟ ರಕ್ತದಿಂದ ಸೋಂಕು ಬಂದಿತ್ತು. ಅದೇ ವರ್ಷ ಆಕೆಯೂ ಇತರ ಕೆಲವರೂ ಕೂಡಿ ‘ಟಾಸೊ’ ಎಂಬ ಸಂಘವನ್ನು ಕಟ್ಟಿದರು. ಅವರಲ್ಲಿ ಹಲವರು ತಾವೇ ರೋಗಿಗಳು. ವ್ಯಾಧಿಯನ್ನು ತಡೆಯುವ ಔಷಧವು ಅವರ ಕೈಯಲ್ಲಿರಲಿಲ್ಲ. ರೋಗಿಯ ಬಳಿಯಲ್ಲಿ ಕುಳಿತು, ಅವನ ಮಾತು ಕೇಳಿ, ಆರೈಕೆ ಮಾಡುವುದೊಂದೇ ಅವರಿಗೆ ಸಾಧ್ಯವಾಗಿದ್ದುದು.

ಇಲ್ಲಿ ನನ್ನ ಮಿತ್ರರು, “ಅಂಥವನು ನಿರ್ದೋಷಿ, ಅವನಿಗೆ ಕೊಡೋಣ” ಎಂದಾರು. ಪತಿಯಿಂದ ಸೋಂಕು ಪಡೆದ ಸಾಧ್ವಿಗೂ, ತಾಯಿಯಿಂದ ಪಡೆದ ಶಿಶುವಿಗೂ ಕೊಟ್ಟಾರು. ಪಕ್ಕದ ಮಂಚದಲ್ಲಿರುವವನನ್ನು ಏನು ಮಾಡುವುದು? ಅವನ ಪೂರ್ವಚರಿತ್ರೆಯನ್ನು ವಿಚಾರಿಸಿದ ಮೇಲೆ ಬಡಿಸುವುದಾದರೆ, ಅಡಿಗೆಯ ಮನೆಯ ಬಾಗಿಲಲ್ಲಿ ಒಬ್ಬ ನ್ಯಾಯಾಧೀಶನನ್ನು ಕೂರಿಸಬೇಕಾಗುವುದು. ಅಷ್ಟರಲ್ಲಿ ಅನ್ನವು ಆರುವುದು, ರೋಗಿಯೂ ಉಳಿಯಲಾರನು.

ಹಾಗಾದರೆ ಪಾತ್ರವಿಚಾರವೇ ಬೇಡವೆ? ಬೇಕು. ವೈದ್ಯನು ವ್ಯಾಧಿಯ ಮೂಲವನ್ನು ಕೇಳುವುದು ಚಿಕಿತ್ಸೆಗಾಗಿ. ರೋಗಿಯ ಯೋಗ್ಯತೆಯನ್ನು ಅಳೆಯುವುದಕ್ಕಾಗಿ ಅಲ್ಲ. ದಾನಿಯ ವಿಚಾರಣೆಯೂ ಹಾಗೆಯೇ ಅಗತ್ಯವನ್ನು ಕುರಿತದ್ದಾಗಿರಬೇಕು. ಈ ಸೋಂಕಿದ್ದು ಇನ್ನೂ ರೋಗಲಕ್ಷಣ ತೋರದ ವಯಸ್ಕನಿಗೆ ಇತರರಿಗಿಂತ ನೂರಕ್ಕೆ ೧೦ರಷ್ಟು, ಲಕ್ಷಣ ತೋರಿದವನಿಗೆ ೨೦ರಿಂದ ೩೦ರಷ್ಟು ಹೆಚ್ಚು ಆಹಾರಶಕ್ತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೩ರಲ್ಲಿ ತಿಳಿಸಿತು. ಔಷಧಕ್ಕೆ ವರ್ಷಕ್ಕೆ ಸುಮಾರು ೧೦,೦೦೦ ಡಾಲರು ಬೀಳುತ್ತಿದ್ದ ಕಾಲದಲ್ಲಿ, ೨೦೦೧ರಲ್ಲಿ, ನಮ್ಮ ಮುಂಬಯಿಯ ಸಿಪ್ಲಾ ಸಂಸ್ಥೆಯು ಒಂದು ವೈದ್ಯಸೇವಾ ಸಂಘಕ್ಕೆ ಅದನ್ನು ೩೫೦ ಡಾಲರಿಗೆ ಕೊಡಲು ಮುಂದೆ ಬಂದಿತು. ಔಷಧವು ಹೀಗೆ ಸುಲಭವಾದರೂ, ಹೊಟ್ಟೆಗಿಲ್ಲದವನು ಅದನ್ನು ನಿತ್ಯವೂ ಸೇವಿಸುವುದು ಕಷ್ಟ. ಆದುದರಿಂದಲೇ ಇಂಥ ಸಂಘಗಳು ಗುಳಿಗೆಯೊಂದಿಗೆ ಹುರುಳಿಕಾಯಿಯ ಬೀಜವನ್ನೂ, ಕಡಲೆಕಾಯಿಯನ್ನೂ, ಹಿತ್ತಲ ತೋಟವನ್ನೂ ಚಿಂತಿಸುತ್ತವೆ.

ಕಡೆಗೆ ಶಿಷ್ಯನು ನನಗೆ ಹೇಳಿದ ಮಾತು. ಅವನು ಮೊದಲ ದಿನ ಆಹಾರದ ಮೂಟೆಯೊಡನೆ ರೋಗಿಷ್ಠಳಾದ ಒಬ್ಬ ವೃದ್ಧೆಯ ಮನೆಗೆ ಹೋದನಂತೆ. ಆಕೆ ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿ ಮಸೆದ ಬಾಳೆಕಾಯನ್ನೂ ಕಡಲೆಕಾಯಿಯ ಗೊಜ್ಜನ್ನೂ ತಾನೇ ತಂದು ಅವನ ಮುಂದಿಟ್ಟಳು. ಒಟ್ಟಿಗೆ ಉಂಡರೆ ಈ ಸೋಂಕು ಬಾರದೆಂದು ಅವನು ಬಲ್ಲನು; ಅದನ್ನು ಇತರರಿಗೆ ತಿಳಿಹೇಳುವುದೇ ಅವನ ಕೆಲಸ. ಆದರೂ ಕೈ ಒಂದು ಕ್ಷಣ ತಡೆಯಿತು. ಆಕೆ ಅದನ್ನು ಕಂಡಳು. ಏನೂ ಅನ್ನದೆ ಎದುರಿಗೆ ಕುಳಿತು ತಾನೂ ಉಣ್ಣತೊಡಗಿದಳು. “ಮೇಷ್ಟ್ರೇ, ಆ ದಿನ ಕೊಟ್ಟವಳು ಆಕೆ, ಕೊಳ್ಳಲು ಅರ್ಹನಾಗದೆ ಹೋದವನು ನಾನು” ಎಂದು ಅವನು ತಲೆತಗ್ಗಿಸಿದನು.

ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂದು ಎಣಿಸುತ್ತ ಬೆಳೆದವನು ನಾನು. ಈ ಮಾತಿಗೆ ಉತ್ತರ ಹೇಳಲಾರದೆ ಹೋದೆನು. ಪಾತ್ರವೆಂದರೆ ಪಡೆಯಲು ಯೋಗ್ಯನಾದವನೂ ಹೌದು, ಬಡಿಸುವ ಪಾತ್ರೆಯೂ ಹೌದು. ಉಣ್ಣುವವನನ್ನು ಪರೀಕ್ಷಿಸುವ ಮುನ್ನ, ಕೊಡುವವನು ತನ್ನ ಪಾತ್ರೆಯು ಶುದ್ಧವಾಗಿದೆಯೇ ಎಂದು ನೋಡಿಕೊಳ್ಳುವುದು ಮೇಲೆಂದು ನನ್ನ ಅಲ್ಪಮತಿಗೆ ತೋರುತ್ತದೆ.