ಒಮ್ಮೆ ಕೊಟ್ಟ ಒಪ್ಪಿಗೆ ಎಷ್ಟು ದಿನ ಬಾಳುತ್ತದೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಲೆಕ್ಕಕ್ಕೆ ಎರಡು ಪುಸ್ತಕಗಳಿರುತ್ತಿದ್ದವು. ಒಂದು ಅಂಗಡಿಯವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಇನ್ನೊಂದು ಗಿರಾಕಿಯ ಮನೆಯ ಗೂಡಿನಲ್ಲಿ. ಬೇಳೆ, ಸಕ್ಕರೆ, ಎಣ್ಣೆ ತಂದ ದಿನ ಎರಡರಲ್ಲೂ ಬರೆಯಬೇಕು. ತಿಂಗಳ ಮೊದಲ ವಾರ ಅಂಗಡಿಯವನು ಲೆಕ್ಕ ಓದಿ ಹೇಳುತ್ತಿದ್ದ, ಗಿರಾಕಿ ತನ್ನ ಪುಸ್ತಕದೊಡನೆ ತಾಳೆ ನೋಡಿ ಹಣ ಕೊಡುತ್ತಿದ್ದ. ಜಗಳಗಳೂ ಆಗುತ್ತಿದ್ದವು, ತರದ ಸಾಮಾನನ್ನು ಬರೆದುಕೊಂಡ ಅಂಗಡಿಯವರೂ ಇದ್ದರು. ಆದರೆ ಎಂತಹ ದುರಾಸೆಯ ವ್ಯಾಪಾರಿಗೂ ಒಂದು ಗೆರೆ ಇತ್ತು. ಲೆಕ್ಕ ಬರೆಯುವ ಅಧಿಕಾರ ಅವನಿಗಿತ್ತೇ ಹೊರತು ಗಿರಾಕಿಯ ಜೇಬಿಗೆ ಕೈ ಹಾಕುವ ಅಧಿಕಾರ ಇರಲಿಲ್ಲ. ಹಣ ಬೇಕಾದರೆ ಕೇಳಲೇಬೇಕಿತ್ತು.

ಆ ಗೆರೆ ಇಂದು ಎಲ್ಲಿದೆ ಎಂದು ಯೋಚಿಸುವಂತೆ ಮಾಡಿದ್ದು ಈಚಿನ ಒಂದು ಘಟನೆ. ಶ್ರೀನಿವಾಸಪುರದ ಕಡೆಯ ನಮ್ಮ ಪರಿಚಯದವರೊಬ್ಬರು ಮಾವಿನ ತೋಟಗಳಲ್ಲಿ ಕೂಲಿ ಮಾಡುತ್ತಾರೆ. ಅವರ ಮಗಳು ಪಿಯುಸಿ ಓದುತ್ತಿದ್ದಾಳೆ. ಮೊಬೈಲಿನಲ್ಲಿ ಪಾಠ ಹೇಳುವ ಸಂಸ್ಥೆಯೊಂದು 2 ರೂಪಾಯಿಗೆ 7 ದಿನ ಕಲಿಯಿರಿ ಎಂದು ಜಾಹೀರಾತು ನೀಡಿತ್ತು. ಹುಡುಗಿ ತಂದೆಯ ಡೆಬಿಟ್ ಕಾರ್ಡಿನ ಸಂಖ್ಯೆ ಹಾಕಿದಳು, ತಂದೆಯ ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕಿದಳು. ಏಳು ದಿನದ ಬಳಿಕ ಅವಳು ಅದನ್ನು ಮರೆತಳು, ಸಂಸ್ಥೆ ಮರೆಯಲಿಲ್ಲ. ತಿಂಗಳಿಗೆ 399 ರೂ.ನಂತೆ ಮೂರು ತಿಂಗಳಲ್ಲಿ 1,197 ರೂ. ಖಾತೆಯಿಂದ ಹೋಯಿತು. ತಂದೆಗೆ ಇದು ತಿಳಿದದ್ದು ಔಷಧಿ ಅಂಗಡಿಯಲ್ಲಿ ಹಣ ಸಾಲದೆ ನಿಂತಾಗ.

ಅವರೊಂದಿಗೆ ನಾವೂ ಬ್ಯಾಂಕಿಗೆ ಹೋದೆವು. ಸಿಬ್ಬಂದಿ ಸೌಜನ್ಯದಿಂದಲೇ ದಾಖಲೆ ತೋರಿಸಿದರು. ಮೊದಲ ದಿನ ಒಟಿಪಿ ಕೊಟ್ಟಿದ್ದಾರೆ, ಪ್ರತಿ ಕಡಿತಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಸಂದೇಶ ಹೋಗಿದೆ, ಯಾರೂ ಬೇಡವೆಂದಿಲ್ಲ. “ನೀವೇ ಅನುಮತಿ ಕೊಟ್ಟಿದ್ದೀರಿ” ಎಂದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಒಪ್ಪಿದ್ದು ಎರಡು ರೂಪಾಯಿಗೆ ಅಲ್ಲವೇ?” ಎಂದು ಕೇಳಿದರು. ಅದಕ್ಕೆ ಬ್ಯಾಂಕಿನಲ್ಲಿ ಉತ್ತರವಿರಲಿಲ್ಲ.

ವಾಸ್ತವದಲ್ಲಿ ನಮ್ಮ ದೇಶದ ಕಾನೂನು ಈ ಪ್ರಶ್ನೆಯನ್ನು ಕಡೆಗಣಿಸಿಲ್ಲ. ಇಂಟರ್‌ನೆಟ್ ಮೂಲಕ ಕಾರ್ಡಿನಿಂದ ಹಣ ಪಾವತಿಸುವಾಗ ಕಾರ್ಡಿನ ಮೇಲಿನ ಸಂಖ್ಯೆಗಳಷ್ಟೇ ಸಾಲದು, ಇನ್ನೊಂದು ದೃಢೀಕರಣವೂ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಆದರೆ ಕಂಪೆನಿಗಳು ಗಿರಾಕಿಗಳ ಕಾರ್ಡ್ ವಿವರಗಳನ್ನು ತಮ್ಮ ಕಂಪ್ಯೂಟರುಗಳಲ್ಲಿ ಕೂಡಿಡುತ್ತಾ ಬಂದವು. 2022ರ ಅಕ್ಟೋಬರ್ 1ರಿಂದ ಅದಕ್ಕೂ ತಡೆ ಬಿತ್ತು. ವ್ಯಾಪಾರಿ ಈಗ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಅವನಿಗೆ ಸಿಗುವುದು ಒಂದು ಟೋಕನ್. ಚಪ್ಪಲಿ ಕಾಯುವವನು ಕೊಡುವ ಬಿಲ್ಲೆಯಂತೆ ಅದು ಆ ಒಂದು ಕಡೆ ಮಾತ್ರ ನಡೆಯುತ್ತದೆ, ಕದ್ದವನಿಗೆ ಬೇರೆಡೆ ಉಪಯೋಗಕ್ಕೆ ಬಾರದು. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಹಣಕ್ಕೂ 2021ರ ಅಕ್ಟೋಬರ್‌ನಿಂದ ಹೊಸ ನಿಯಮ ಬಂತು. ಮೊದಲ ಸಲ ಒಟಿಪಿಯಂತಹ ದೃಢೀಕರಣ ಬೇಕು, ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಕೊಡಬೇಕು, ಗಿರಾಕಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.

ಹೀಗಿದ್ದೂ ಆ ತಂದೆಯ ಹಣ ಹೋಯಿತು. ಕಾರ್ಡಿನ ಸಂಖ್ಯೆಯನ್ನು ಕೂಡಿಡುವುದನ್ನು ಕಾನೂನು ನಿಲ್ಲಿಸಿತು, ಒಪ್ಪಿಗೆಯನ್ನು ಕೂಡಿಡುವುದನ್ನು ನಿಲ್ಲಿಸಲಾಗಲಿಲ್ಲ. ಸಮಸ್ಯೆಯ ಬೇರು ಇಲ್ಲಿದೆ ಎಂದು ನಮಗನಿಸುತ್ತದೆ.

ಅಮಾನತು ಎಂಬ ಅರಬಿ ಮೂಲದ ಪದ ನಮ್ಮ ಕನ್ನಡದಲ್ಲಿ ಬೆರೆತುಹೋಗಿದೆ. ಕಚೇರಿಗಳಲ್ಲಿ ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ಆ ಪದವನ್ನು ಬಳಸುತ್ತೇವೆ. ಅದರ ಮೂಲ ಅರ್ಥ, ನಂಬಿ ಒಪ್ಪಿಸಿದ ವಸ್ತು. ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುತ್ತಾರಲ್ಲ, ಅದು ಅಮಾನತ್ತು. ಪಡೆದವನಿಗೆ ಕಾಯುವ ಹೊಣೆಯಿದೆ, ಕೊಟ್ಟ ಉದ್ದೇಶವನ್ನು ಮೀರಿ ಬಳಸುವ ಹಕ್ಕಿಲ್ಲ. ಗಿಡಕ್ಕೆ ನೀರು ಹಾಕಲು ಕೊಟ್ಟ ಬೀಗದ ಕೈಯಿಂದ ಒಳಗೆ ಹೋಗಿ ಅಕ್ಕಿ ಡಬ್ಬಿ ತೆರೆದರೆ, “ಬೀಗದ ಕೈ ಅವರೇ ಕೊಟ್ಟಿದ್ದರು” ಎಂಬ ಸಮರ್ಥನೆಯನ್ನು ಯಾರು ಒಪ್ಪುತ್ತಾರೆ? ಒಂದು ಡಬ್ಬಿ ಅಕ್ಕಿಯಷ್ಟೇ ಎಂದರೆ ತಪ್ಪು ಚಿಕ್ಕದಾಗುತ್ತದೆಯೇ?

ಒಂದು ಉದ್ದೇಶಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಹಿಗ್ಗಿಸುವುದು ದೊಡ್ಡವರೂ ಮಾಡುವ ಕೆಲಸ. ಆಪಲ್ ಕಂಪೆನಿಯ ಫೋನುಗಳಲ್ಲಿ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮತ್ತೆ ಕೇಳದೆ ಖರೀದಿ ನಡೆಯುತ್ತಿತ್ತು. ಮಕ್ಕಳು ಆಟವಾಡುತ್ತಾ ಪೋಷಕರ ಹಣ ಖರ್ಚು ಮಾಡಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಧ್ಯಪ್ರವೇಶಿಸಿದ ಬಳಿಕ 2014ರಲ್ಲಿ ಕಂಪೆನಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿತು. ನಮ್ಮಲ್ಲೇ 2017ರಲ್ಲಿ, ಮೊಬೈಲ್ ಸಿಮ್ ದೃಢೀಕರಣಕ್ಕೆಂದು ಆಧಾರ್ ಕೊಟ್ಟವರ ಹೆಸರಿನಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಅವರಿಗೆ ತಿಳಿಯದೆ ಖಾತೆಗಳು ತೆರೆದ ದೂರುಗಳು ಬಂದವು. ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೆ ಹೋಗಿತ್ತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದಕ್ಕೆ 5 ಕೋಟಿ ರೂ. ದಂಡ ವಿಧಿಸಿತು. ಅಮೆರಿಕದಲ್ಲಿ ಅಮೆಜಾನ್ ತನ್ನ ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಅವರ ನೈಜ ಒಪ್ಪಿಗೆಯಿಲ್ಲದೆ ಸೇರಿಸಿಕೊಂಡಿತು ಎಂಬ ಮೊಕದ್ದಮೆ 2023ರಲ್ಲಿ ಹೂಡಲ್ಪಟ್ಟು, 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್ ಕೊಡುವ ಒಪ್ಪಂದದೊಂದಿಗೆ ಮುಗಿಯಿತು, ಕಂಪೆನಿ ತಪ್ಪೊಪ್ಪಿಕೊಳ್ಳಲಿಲ್ಲ. ಸದಸ್ಯತ್ವ ರದ್ದು ಮಾಡುವ ವಿಧಾನಕ್ಕೆ ಕಂಪೆನಿಯೊಳಗೆ ‘ಇಲಿಯಡ್’ ಎಂಬ ಹೆಸರಿತ್ತೆಂದು ಆ ದಾವೆಯಲ್ಲಿ ಹೇಳಲಾಗಿತ್ತು. ಹತ್ತು ವರ್ಷಗಳ ಯುದ್ಧದ ಹಿನ್ನೆಲೆಯುಳ್ಳ ಗ್ರೀಕ್ ಮಹಾಕಾವ್ಯದ ಹೆಸರು ಅದು!

ದೂರದ ಕಂಪೆನಿಗಳನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ನಡುವೆಯೂ ಇದೇ ಮನೋಭಾವವಿಲ್ಲವೇ? ಎಪಿಎಂಸಿ ನಿಯಮದಂತೆ ದಳ್ಳಾಳಿಯ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಆದರೂ ಕೋಲಾರದ ಟೊಮೆಟೊ ಮಂಡಿಯಲ್ಲಿ ರೈತನ ಹಣದಿಂದಲೇ ಅದನ್ನು ಮುರಿದುಕೊಳ್ಳುತ್ತಾರೆಂಬುದು ರೈತರ ಹಳೆಯ ದೂರು. ಇಲ್ಲಿ ಕಾರ್ಡೂ ಇಲ್ಲ, ಕಂಪ್ಯೂಟರೂ ಇಲ್ಲ. ಹಣ ತನ್ನ ಕೈ ದಾಟಿ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಕೇಳದೆ ತೆಗೆದುಕೊಳ್ಳುವ ಧೈರ್ಯ ಬರುತ್ತದೆ. ಯಂತ್ರ ಈ ಗುಣವನ್ನು ಹುಟ್ಟಿಸಲಿಲ್ಲ, ಅದಕ್ಕೆ ವೇಗ ಕೊಟ್ಟಿತು ಅಷ್ಟೆ.

ವ್ಯಾಪಾರಿಗಳ ಮಾತನ್ನೂ ಕೇಳೋಣ. ಪ್ರತಿ ಸಲ ಕೇಳುತ್ತಾ ಕೂತರೆ ಗಿರಾಕಿಗೇ ಬೇಸರ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. 2021ರಲ್ಲಿ ಹೊಸ ನಿಯಮ ಜಾರಿಯಾದಾಗ ಅನೇಕರ ಮಾಮೂಲಿ ಪಾವತಿಗಳು ನಿಂತುಹೋಗಿ, ಜನ ಶಪಿಸಿದ್ದು ನಿಯಮವನ್ನೇ. ವಿಮೆಯ ಕಂತು, ವಿದ್ಯುತ್ ಬಿಲ್ಲು ತಾನಾಗಿ ಕಟ್ಟಿಕೊಳ್ಳಲಿ ಎಂದು ನಾವೇ ಬಯಸುತ್ತೇವೆ. ಆದರೆ ಅನುಕೂಲ ಮಾಡಿಕೊಡುವುದು ಬೇರೆ, ಮರೆವನ್ನು ಬಂಡವಾಳ ಮಾಡಿಕೊಳ್ಳುವುದು ಬೇರೆ. ಎರಡನ್ನೂ ಗುರುತಿಸಲು ಒಂದು ಸರಳ ಪರೀಕ್ಷೆಯಿದೆ. ಗಿರಾಕಿಗೆ ಎಲ್ಲವೂ ನೆನಪಾದ ದಿನ ವ್ಯಾಪಾರಿಗೆ ಲಾಭವೋ ನಷ್ಟವೋ? ವಿಮೆಯ ಕಂತು ನೆನಪಾದರೆ ಗಿರಾಕಿ ನಿಶ್ಚಿಂತನಾಗುತ್ತಾನೆ. ಏಳು ದಿನದ ಪಾಠದ ಕಥೆ ನೆನಪಾದರೆ ಸಂಸ್ಥೆಯ ಆದಾಯ ಅಂದೇ ನಿಲ್ಲುತ್ತದೆ. ಗಿರಾಕಿ ಮರೆತಿರುವಷ್ಟು ದಿನ ಮಾತ್ರ ನಡೆಯುವ ವ್ಯಾಪಾರಕ್ಕೆ ಒಪ್ಪಿಗೆ ಇದೆ ಎನ್ನುವುದು ಹೇಗೆ?

ನಿಜವಾದ ಒಪ್ಪಿಗೆಗೆ ಮೂರು ಲಕ್ಷಣಗಳು ಬೇಕು. ಯಾವುದಕ್ಕೆ, ಎಷ್ಟಕ್ಕೆ ಒಪ್ಪುತ್ತಿದ್ದೇವೆ ಎಂಬುದು ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಇಲ್ಲವೆನ್ನುವ ಅವಕಾಶ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯುವಂತಿರಬೇಕು. ಈ ಮೂರನೆಯ ಮಾತನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬರೆದಿದೆ. ಅದೇ ವರ್ಷ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಚಂದಾದ ಬಲೆ ಅವುಗಳಲ್ಲೊಂದು. ಆದರೆ ಮೊದಲ ಲಕ್ಷಣಕ್ಕೇ ನಮ್ಮ ಜಿಲ್ಲೆಯಲ್ಲಿ ಕೊರತೆಯಿದೆ. 2014ರಲ್ಲಿ ಜನಧನ ಯೋಜನೆ ಬಂದ ಮೇಲೆ ಕಾರ್ಡುಗಳು ಗುಡಿಸಲಿಗೂ ತಲುಪಿದವು, ಕಾರ್ಡಿನ ಬಗೆಗಿನ ತಿಳುವಳಿಕೆ ತಲುಪಲಿಲ್ಲ. ತೆಲುಗು, ಕನ್ನಡ, ದಖನಿ ಮಾತಾಡುವ ಮನೆಗಳಿಗೆ ಇಂಗ್ಲಿಷ್ ಸಂದೇಶ ಕಳಿಸಿ, ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಯಾವ ನ್ಯಾಯ?

ಹಾಗೆಂದು ನಮ್ಮ ಹೊಣೆಯೇನೂ ಇಲ್ಲವೆನ್ನಲಾಗದು. ಎರಡು ರೂಪಾಯಿಗೆ ಸಿಗುವುದೆಂದರೆ ಹಿಂದೆಮುಂದೆ ನೋಡದೆ ಮುನ್ನುಗ್ಗುವವರು ನಾವೇ. ಕಾರ್ಡು, ಪಿನ್ನು ಎರಡನ್ನೂ ಸಿಕ್ಕ ಹುಡುಗನ ಕೈಗೆ ಕೊಟ್ಟು ಹಣ ತೆಗೆಸುವವರೂ ನಾವೇ. ಓದು ಬಲ್ಲ ಮಕ್ಕಳು ವಾರಕ್ಕೊಮ್ಮೆ ಹಿರಿಯರ ಮೊಬೈಲಿನ ಬ್ಯಾಂಕ್ ಸಂದೇಶಗಳನ್ನು ಓದಿ ಹೇಳಿದರೆ ಅರ್ಧ ಅನ್ಯಾಯ ಅಲ್ಲೇ ನಿಲ್ಲುತ್ತದೆ. ಶ್ರೀನಿವಾಸಪುರದ ಆ ಹುಡುಗಿ ಈಗ ಹಾಗೆ ಮಾಡುತ್ತಿದ್ದಾಳೆ.

ಬ್ಯಾಂಕಿನವರು ಆ ಕಡಿತವನ್ನು ಅಂದೇ ರದ್ದು ಮಾಡಿಕೊಟ್ಟರು. ಹೋದ 1,197 ರೂ. ಮರಳಿ ಬರಲಿಲ್ಲ. ತಂದೆ ಮಗಳನ್ನು ಬೈಯಲಿಲ್ಲ. ಆದರೆ ಅವಳು ಕಲಿಯಲೆಂದು ಇನ್ನೊಂದು ಪಾಠಕ್ಕೆ ಹಣ ಕಟ್ಟುವ ಧೈರ್ಯ ಆ ಮನೆಯಲ್ಲಿ ಉಳಿದಿಲ್ಲ. ಕೇಳದೆ ಹಣ ತೆಗೆದುಕೊಂಡವರು, ನ್ಯಾಯವಾಗಿ ಕಲಿಸುವವರ ಮೇಲಿನ ನಂಬಿಕೆಯನ್ನೂ ಜೊತೆಗೇ ತೆಗೆದುಕೊಂಡು ಹೋದರು. ಹಳೆಯ ಅಂಗಡಿಯವನು ತಿಂಗಳಿಗೊಮ್ಮೆ ಲೆಕ್ಕ ಓದಿ ಹಣ ಕೇಳುತ್ತಿದ್ದುದು ಅವನಿಗೂ ಶ್ರಮದ ಕೆಲಸವೇ ಆಗಿತ್ತು. ಆ ಶ್ರಮದಿಂದಲೇ ಗಿರಾಕಿ ಮರುದಿನವೂ ಅದೇ ಅಂಗಡಿಗೆ ಬರುತ್ತಿದ್ದ.